ಆಕಾಶದ ಚಿತ್ರಗಳಿಗೆ ಬಣ್ಣ ಬಳಿಯುತ್ತಾರೆಯೇ? ಬ್ರೌಸರ್ ತೆರೆದು ನೀವೇ ಪರೀಕ್ಷಿಸಿ

ದೀಪಾವಳಿ ಹತ್ತಿರವಾಗುತ್ತಿದ್ದಂತೆ ವಾಟ್ಸಾಪ್‌ನಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಭಾರತದ ಭೂಪಟ, ಅದರ ತುಂಬ ಕೆಂಪು, ಹಸಿರು, ನೀಲಿ, ಬಿಳಿ ಚುಕ್ಕೆಗಳು. 'ದೀಪಾವಳಿಯ ರಾತ್ರಿ ನಾಸಾ ಬಾಹ್ಯಾಕಾಶದಿಂದ ತೆಗೆದ ಚಿತ್ರ' ಎಂಬ ಒಕ್ಕಣೆ ಬೇರೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗಲೂ ಇಂಥದ್ದೇ ಇನ್ನೊಂದು ಚಿತ್ರ ಹರಿದಾಡಿತು. ಪ್ರಜ್ಞಾನ್ ರೋವರ್‌ನ ಗಾಲಿ ಚಂದ್ರನ ಮಣ್ಣಿನಲ್ಲಿ ರಾಷ್ಟ್ರಲಾಂಛನವನ್ನು ಅಚ್ಚುಕಟ್ಟಾಗಿ ಮೂಡಿಸಿದೆ ಎಂದು ಅದು ಹೇಳುತ್ತಿತ್ತು.

ಎರಡನೆಯದು ಕಲಾವಿದರೊಬ್ಬರು ರಚಿಸಿದ ಕಾಲ್ಪನಿಕ ಚಿತ್ರ. ಮೊದಲನೆಯದು ಸುಳ್ಳು ಚಿತ್ರವಲ್ಲ, ಅದಕ್ಕೆ ಕೊಟ್ಟ ವಿವರಣೆ ಮಾತ್ರ ಸುಳ್ಳು. ಹಲವು ವರ್ಷಗಳ ಉಪಗ್ರಹ ದತ್ತಾಂಶವನ್ನು ಒಂದರ ಮೇಲೊಂದು ಜೋಡಿಸಿ ಅಮೆರಿಕದ ನೋವಾ ಸಂಸ್ಥೆಯ ವಿಜ್ಞಾನಿ ಕ್ರಿಸ್ ಎಲ್ವಿಜ್ 2003ರಲ್ಲಿ ಸಿದ್ಧಪಡಿಸಿದ ಚಿತ್ರ ಅದು. ಬಿಳಿ ಎಂದರೆ 1992ಕ್ಕೂ ಮೊದಲೇ ಇದ್ದ ಊರಿನ ದೀಪಗಳು. ನೀಲಿ 1992ರಲ್ಲಿ, ಹಸಿರು 1998ರಲ್ಲಿ, ಕೆಂಪು 2003ರಲ್ಲಿ ಹೊಸದಾಗಿ ಕಂಡವು. ಅಂದರೆ ಅಲ್ಲಿರುವುದು ಪಟಾಕಿಯ ಬಣ್ಣವಲ್ಲ, ನಮ್ಮ ಊರುಗಳು ಬೆಳೆದ ಲೆಕ್ಕ.

ಇಂಥ ಸುಳ್ಳು ಒಂದೊಂದಾಗಿ ಬಯಲಾದಾಗ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ: 'ನಾಸಾದವರದ್ದಾಗಲಿ, ಇಸ್ರೋದವರದ್ದಾಗಲಿ, ಎಲ್ಲವೂ ಕಂಪ್ಯೂಟರ್‌ನಲ್ಲಿ ಬಣ್ಣ ಬಳಿದ ಚಿತ್ರಗಳೇ'. ಬಂದದ್ದೆಲ್ಲವನ್ನೂ ನಂಬುವುದು ಎಷ್ಟು ತಪ್ಪೋ ಯಾವುದನ್ನೂ ನಂಬದಿರುವುದೂ ಅಷ್ಟೇ ತಪ್ಪು. ಇವೆರಡರ ನಡುವೆ ಒಂದು ದಾರಿ ಇದೆ: ಮೂಲ ದತ್ತಾಂಶವನ್ನು ನಾವೇ ತೆರೆದು ನೋಡುವುದು. ಅದಕ್ಕೆ ದೂರದರ್ಶಕ ಬೇಡ, ದುಬಾರಿ ತಂತ್ರಾಂಶವೂ ಬೇಡ. ಕಂಪ್ಯೂಟರ್ ಅಥವಾ ಫೋನಿನಲ್ಲಿರುವ ಬ್ರೌಸರ್ ಸಾಕು.

ಮನೆಯ ಪಕ್ಕದಲ್ಲೇ ಇರುವ ದತ್ತಾಂಶದ ಕಣಜ

ರಾಮನಗರ, ಮಾಗಡಿ ಕಡೆಯವರಿಗೆ ಈ ವಿಷಯ ದೂರದ್ದೇನಲ್ಲ. ಬಿಡದಿ, ಮಾಗಡಿಗಳಿಂದ ಹೆಚ್ಚು ದೂರವಿಲ್ಲದ ಬ್ಯಾಲಾಳುವಿನಲ್ಲಿ ಇಸ್ರೋದ ಆಳ ಬಾಹ್ಯಾಕಾಶ ಸಂಪರ್ಕ ಕೇಂದ್ರವಿದೆ. 2008ರ ಅಕ್ಟೋಬರ್‌ನಲ್ಲಿ, ಚಂದ್ರಯಾನ-1ರ ಉಡಾವಣೆಗೆ ಕೆಲವೇ ದಿನ ಮೊದಲು ಅದು ಉದ್ಘಾಟನೆಯಾಯಿತು. ಅಲ್ಲಿನ 32 ಮೀಟರ್ ಮತ್ತು 18 ಮೀಟರ್ ವ್ಯಾಸದ ದೊಡ್ಡ ತಟ್ಟೆಯಂಥ ಆಂಟೆನಾಗಳು ಚಂದ್ರ, ಮಂಗಳಗಳ ಕಡೆಗೆ ಹೋದ ನಮ್ಮ ನೌಕೆಗಳು ಕಳಿಸುವ ಕ್ಷೀಣ ಸಂಕೇತಗಳನ್ನು ಹಿಡಿಯುತ್ತವೆ.

ಅದೇ ಆವರಣದಲ್ಲಿ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವೂ ಇದೆ. ಚಂದ್ರಯಾನಗಳು, ಮಂಗಳಯಾನ, 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್, ಆದಿತ್ಯ-ಎಲ್1 ಇವೆಲ್ಲ ಕಳಿಸಿದ ದತ್ತಾಂಶ ಸಂಗ್ರಹವಾಗುವುದು ಅಲ್ಲೇ. ಮೊದಲು ಕೆಲವು ಕಾಲ ಆಯಾ ಉಪಕರಣದ ವಿಜ್ಞಾನಿಗಳು ಅದನ್ನು ಬಳಸುತ್ತಾರೆ. ಅವಧಿ ಮುಗಿದ ಮೇಲೆ 'ಪ್ರದಾನ್' ಎಂಬ ಜಾಲತಾಣದ ಮೂಲಕ, ಆಸ್ಟ್ರೋಸ್ಯಾಟ್‌ನದ್ದಾದರೆ ಅದರದೇ ಪುಟದ ಮೂಲಕ, ಹೆಸರು ನೋಂದಾಯಿಸಿದ ಯಾರು ಬೇಕಾದರೂ ಪಡೆಯಬಹುದು. ಚಂದ್ರಯಾನ-2ರ ಚಿತ್ರಗಳನ್ನು ಚಂದ್ರನ ನಕ್ಷೆಯ ಮೇಲೆ ಹುಡುಕಿ ನೋಡುವ ಪುಟವೂ ಇದೆ. ಮಾಗಡಿಯ ಶಾಲೆಯ ಮಗುವಿಗೂ ದೊಡ್ಡ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೂ ಸಿಗುವುದು ಒಂದೇ ಕಡತ.

ಹಾಗೆ ನೋಡಿದರೆ ವೃತ್ತಿನಿರತ ಖಗೋಳಜ್ಞರೂ ಇಂದು ದೂರದರ್ಶಕಕ್ಕೆ ಕಣ್ಣಿಟ್ಟು ಕೂರುವುದಿಲ್ಲ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅವರೂ ನೋಡುವುದು ಪರದೆಯನ್ನೇ.

ಅದು ಚಿತ್ರವಲ್ಲ, ಸಂಖ್ಯೆಗಳ ಪಟ್ಟಿ

ರಾಮನಗರದ ಮಾರುಕಟ್ಟೆಗೆ ಬರುವುದು ಸೀರೆಯಲ್ಲ, ರೇಷ್ಮೆ ಗೂಡು. ಗೂಡನ್ನು ಬೇಯಿಸಿ, ನೂಲು ತೆಗೆದು, ಹುರಿ ಮಾಡಿ, ಬಣ್ಣ ಹಾಕಿ, ನೇಯ್ದ ಮೇಲೆ ಸೀರೆ. ಪತ್ರಿಕೆಯಲ್ಲಿ ನಾವು ನೋಡುವ ನೀಹಾರಿಕೆಯ ಚಿತ್ರ ಸೀರೆಯಿದ್ದಂತೆ. ದೂರದರ್ಶಕದಿಂದ ಬರುವುದು ಗೂಡು.

ಆ ಗೂಡಿನ ಹೆಸರು ಫಿಟ್ಸ್ ಕಡತ. 1981ರಲ್ಲಿ ರೂಪುಗೊಂಡ ಈ ಕಡತ ಮಾದರಿಯನ್ನು ಜಗತ್ತಿನ ಬಹುಪಾಲು ವೀಕ್ಷಣಾಲಯಗಳು ಇಂದಿಗೂ ಬಳಸುತ್ತವೆ. ಒಮ್ಮೆ ಫಿಟ್ಸ್ ಆದದ್ದು ಎಂದೆಂದಿಗೂ ಓದುವಂತಿರಬೇಕು ಎಂಬುದು ಅದರ ಕಟ್ಟುನಿಟ್ಟಿನ ನಿಯಮ. ಹಾಗಾಗಿ ನಲವತ್ತು ವರ್ಷ ಹಿಂದಿನ ಕಡತವೂ ಇಂದು ತೆರೆಯುತ್ತದೆ. ಈ ಗುಣಕ್ಕಾಗಿಯೇ ವ್ಯಾಟಿಕನ್ ಗ್ರಂಥಾಲಯ ತನ್ನ ಹಳೆಯ ಹಸ್ತಪ್ರತಿಗಳ ಡಿಜಿಟಲ್ ಪ್ರತಿಗಳಿಗೂ ಇದನ್ನೇ ಆರಿಸಿಕೊಂಡಿದೆ.

ಫಿಟ್ಸ್ ಕಡತದಲ್ಲಿ ಎರಡು ಭಾಗ. ಮೊದಲಿನದು ಜಾತಕದಂಥ ಪೀಠಿಕೆ: ಯಾವ ದೂರದರ್ಶಕ, ಯಾವ ದಿನ, ಎಷ್ಟು ಹೊತ್ತು ಬೆಳಕು ಹಿಡಿದದ್ದು, ಯಾವ ಶೋಧಕ ಬಳಸಿದ್ದು, ಆಕಾಶದ ಯಾವ ಭಾಗ. ಪ್ರತಿ ಸಾಲಿಗೆ ಸರಿಯಾಗಿ 80 ಅಕ್ಷರದ ಜಾಗ. ಎರಡನೆಯದು ಬರೀ ಸಂಖ್ಯೆಗಳು. ಕ್ಯಾಮೆರಾದ ಪ್ರತಿ ಪಿಕ್ಸೆಲ್‌ಗೂ ಒಂದು ಸಂಖ್ಯೆ, ಅಲ್ಲಿ ಎಷ್ಟು ಬೆಳಕು ಬಿತ್ತು ಎಂಬ ಎಣಿಕೆ. ಅಲ್ಲಿ ಬಣ್ಣವೇ ಇರುವುದಿಲ್ಲ.

ನಮ್ಮ ಫೋನಿನ ಜೆಪಿಇಜಿ ಚಿತ್ರದಲ್ಲಿ ಪ್ರತಿ ಬಣ್ಣಕ್ಕೂ ಕಪ್ಪಿನಿಂದ ಪೂರ್ಣ ಪ್ರಕಾಶದವರೆಗೆ 256 ಮೆಟ್ಟಿಲುಗಳಿವೆ. 16 ಬಿಟ್‌ನ ಫಿಟ್ಸ್ ಕಡತದಲ್ಲಿ 65,536 ಮೆಟ್ಟಿಲುಗಳು. ಇಷ್ಟನ್ನೂ ಪರದೆ ಒಮ್ಮೆಗೇ ತೋರಿಸಲಾರದು, ನಮ್ಮ ಕಣ್ಣೂ ಗುರುತಿಸಲಾರದು. ಹಾಗೆಯೇ ತೆರೆದರೆ ನಾಲ್ಕಾರು ಬಿಳಿ ಚುಕ್ಕೆ ಬಿಟ್ಟು ಉಳಿದದ್ದೆಲ್ಲ ಕಪ್ಪು. ಮಂದ ಭಾಗ ಕಾಣಬೇಕಾದರೆ ಸಂಖ್ಯೆಗಳನ್ನು ಹಿಗ್ಗಿಸಬೇಕು, ಅಂದರೆ ಯಾವ ಸಂಖ್ಯೆಗೆ ಎಷ್ಟು ಹೊಳಪು ಎಂದು ಹೊಸದಾಗಿ ಹಂಚಬೇಕು. ಇದು ಮೋಸವಲ್ಲ. ಎಕ್ಸ್-ರೇ ಫಿಲಂ ಅನ್ನು ವೈದ್ಯರು ಬೆಳಕಿಗೆ ಹಿಡಿದು ನೋಡುವಂತೆ, ಇರುವುದನ್ನು ಕಾಣುವಂತೆ ಮಾಡುವುದು. ಮೂಲದ ಸಂಖ್ಯೆಗಳು ಇದ್ದಂತೆಯೇ ಇರುತ್ತವೆ.

ಹಾಗಾದರೆ ಬಣ್ಣ ಎಲ್ಲಿಂದ ಬರುತ್ತದೆ?

ಒಂದೇ ಜಾಗವನ್ನು ಬೇರೆ ಬೇರೆ ಶೋಧಕಗಳ ಮೂಲಕ ಹಲವು ಬಾರಿ ಚಿತ್ರಿಸುತ್ತಾರೆ. ಆಮೇಲೆ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು, ಮತ್ತೊಂದಕ್ಕೆ ನೀಲಿ ಕೊಟ್ಟು ಸೇರಿಸುತ್ತಾರೆ. ಶೋಧಕಗಳೇ ಕೆಂಪು, ಹಸಿರು, ನೀಲಿಯವಾಗಿದ್ದರೆ ಬರುವ ಬಣ್ಣ ಕಣ್ಣಿಗೆ ಕಾಣುವುದಕ್ಕೆ ಹತ್ತಿರವಾಗಿರುತ್ತದೆ. ಅನೇಕ ಸಲ ಹಾಗಿರುವುದಿಲ್ಲ.

ಹಬಲ್ ದೂರದರ್ಶಕ 1995ರಲ್ಲಿ ತೆಗೆದ, 'ಸೃಷ್ಟಿಯ ಕಂಬಗಳು' ಎಂದು ಹೆಸರಾದ ಚಿತ್ರವನ್ನೇ ನೋಡಿ. ಅದರಲ್ಲಿ ಗಂಧಕದ ಬೆಳಕಿಗೆ ಕೆಂಪು, ಜಲಜನಕದ ಬೆಳಕಿಗೆ ಹಸಿರು, ಆಮ್ಲಜನಕದ ಬೆಳಕಿಗೆ ನೀಲಿ ಕೊಡಲಾಗಿದೆ. ನಿಜಕ್ಕೂ ಜಲಜನಕ, ಗಂಧಕ ಎರಡರ ಆ ಬೆಳಕೂ ಕೆಂಪೇ. ಎರಡಕ್ಕೂ ಕೆಂಪನ್ನೇ ಕೊಟ್ಟಿದ್ದರೆ ಯಾವುದು ಎಲ್ಲಿದೆ ಎಂದು ತಿಳಿಯುತ್ತಲೇ ಇರಲಿಲ್ಲ. ಭೂಪಟದಲ್ಲಿ ಒಂದು ತಾಲ್ಲೂಕಿಗೆ ಹಳದಿ, ಪಕ್ಕದ್ದಕ್ಕೆ ಗುಲಾಬಿ ಬಳಿಯುತ್ತೇವಲ್ಲ, ಹಾಗೆ. ಚನ್ನಪಟ್ಟಣದ ನೆಲ ಹಳದಿ ಎಂದು ಯಾರೂ ತಿಳಿಯುವುದಿಲ್ಲ, ಗಡಿಯೂ ಸುಳ್ಳಾಗುವುದಿಲ್ಲ.

ಜೇಮ್ಸ್ ವೆಬ್ ದೂರದರ್ಶಕ ಹಿಡಿಯುವುದು ಬಹುಪಾಲು ಅವಕೆಂಪು ಕಿರಣಗಳನ್ನು, ಅಂದರೆ ಇನ್‌ಫ್ರಾರೆಡ್. ಆಸ್ಟ್ರೋಸ್ಯಾಟ್‌ನಲ್ಲಿರುವ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ತಯಾರಾದ ಯುವಿಐಟಿ ಹಿಡಿಯುವುದು ಮುಖ್ಯವಾಗಿ ನೇರಳಾತೀತ ಕಿರಣಗಳನ್ನು. ಇವೆರಡೂ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ್ದನ್ನು ಕಾಣಿಸಬೇಕಾದರೆ ಯಾವುದೋ ಒಂದು ಬಣ್ಣ ಕೊಡಲೇಬೇಕು. ಆದ್ದರಿಂದ 'ಬಣ್ಣ ಬಳಿದಿದ್ದಾರೆ' ಎಂಬ ಮಾತು ನಿಜ, 'ಆದ್ದರಿಂದ ಸುಳ್ಳು' ಎಂಬುದು ತಪ್ಪು. ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಬಣ್ಣ ಯಾವುದರ ಗುರುತು? ದೀಪಾವಳಿಯ ಚಿತ್ರದಲ್ಲಿ ಕಳೆದುಹೋದದ್ದು ಈ ಪ್ರಶ್ನೆಯ ಉತ್ತರವೇ.

ಇಷ್ಟು ದೊಡ್ಡ ಆಕಾಶ ಬ್ರೌಸರ್‌ನಲ್ಲಿ ಹಿಡಿಸುವುದು ಹೇಗೆ?

ಹಿಂದೆ ಇಂಥ ಕಡತ ನೋಡಲು ವಿಶೇಷ ತಂತ್ರಾಂಶ ಬೇಕಿತ್ತು. ಅಮೆರಿಕದ ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯದ ಡಿಎಸ್9 ಅದರಲ್ಲಿ ಹೆಸರಾದದ್ದು. ಅದೇ ಸಂಸ್ಥೆಯಲ್ಲಿ ಬ್ರೌಸರ್‌ಗಾಗಿಯೇ ಬರೆದದ್ದು ಜೆಎಸ್9. ಪುಟ ತೆರೆದು ಫಿಟ್ಸ್ ಕಡತವನ್ನು ಎಳೆದು ಹಾಕಿದರೆ ಲೆಕ್ಕವೆಲ್ಲ ನಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಖಗೋಳ ದತ್ತಾಂಶ ಕೇಂದ್ರದ 'ಅಲಾದಿನ್ ಲೈಟ್' ಇನ್ನೊಂದು ಬಗೆಯದು. ಅದು ಇಡೀ ಆಕಾಶವನ್ನು ನೆಲಕ್ಕೆ ಟೈಲ್ಸ್ ಹಾಸಿದಂತೆ ಸಣ್ಣ ಚೌಕಗಳಾಗಿ ಕತ್ತರಿಸಿ ಇಟ್ಟುಕೊಂಡಿದೆ. ನಾವು ನೋಡುತ್ತಿರುವ ಭಾಗದ, ಆ ಹೊತ್ತಿಗೆ ಬೇಕಾದಷ್ಟು ವಿವರದ ಚೌಕಗಳನ್ನು ಮಾತ್ರ ಕಳಿಸುತ್ತದೆ. ಹತ್ತಿರ ಹೋದಂತೆಲ್ಲ ಇನ್ನೂ ಸೂಕ್ಷ್ಮ ಚೌಕಗಳು ಬರುತ್ತವೆ. ಫೋನಿನ ಮ್ಯಾಪ್‌ನಲ್ಲಿ ಕನಕಪುರದ ರಸ್ತೆ ಹುಡುಕುವಾಗ ಇಡೀ ಭೂಮಿಯ ನಕ್ಷೆ ಇಳಿಸಿಕೊಳ್ಳಬೇಕಿಲ್ಲವಲ್ಲ, ಇದೂ ಹಾಗೆಯೇ. ಹಾಗಾಗಿ ಸಾಧಾರಣ ಇಂಟರ್ನೆಟ್ ಸಂಪರ್ಕದಲ್ಲೂ ಕೆಲಸ ನಡೆಯುತ್ತದೆ.

ಮಾಡಿ ನೋಡಿ

ಅಲಾದಿನ್ ಲೈಟ್ ತೆರೆದು ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎಂ45 ಎಂದು ಬರೆಯಿರಿ. ತೆರೆಯುವುದು ನಮ್ಮ ಕೃತ್ತಿಕಾ ನಕ್ಷತ್ರ. ಬರಿಗಣ್ಣಿಗೆ ಆರೇಳು ಚುಕ್ಕೆ ಕಾಣುವಲ್ಲಿ ನೂರಾರು ನಕ್ಷತ್ರಗಳೂ ಅವುಗಳ ಸುತ್ತ ನೀಲಿ ಮಂಜೂ ಕಾಣುತ್ತವೆ.

ಈಗ ಮಹಾವ್ಯಾಧ ನಕ್ಷತ್ರಪುಂಜದಲ್ಲಿರುವ 'ಹಾರ್ಸ್‌ಹೆಡ್' ನೀಹಾರಿಕೆಗೆ ಹೋಗಿ. ಮೊದಲು ಕಾಣುವುದು ಡಿಎಸ್ಎಸ್ ಎಂಬ ಪದರ. ಹಿಂದೆ ಗಾಜಿನ ಫಲಕಗಳ ಮೇಲೆ ತೆಗೆದ ಆಕಾಶದ ಫೋಟೋಗಳನ್ನು ಸ್ಕ್ಯಾನ್ ಮಾಡಿ ಮಾಡಿದ್ದು. ಅದರಲ್ಲಿ ಕುದುರೆಯ ತಲೆಯಂಥ ಕಪ್ಪು ಆಕಾರ ಸ್ಪಷ್ಟವಾಗಿದೆ. ಪದರಗಳ ಪಟ್ಟಿಯಿಂದ 'ಟೂಮಾಸ್' ಎಂಬ ಅವಕೆಂಪು ಸಮೀಕ್ಷೆಯನ್ನು ಆರಿಸಿ. ಕುದುರೆ ಬಹುಮಟ್ಟಿಗೆ ಕರಗಿಹೋಗುತ್ತದೆ, ಹಿಂದಿನ ನಕ್ಷತ್ರಗಳು ಇಣುಕುತ್ತವೆ. ಕಪ್ಪಗಿದ್ದದ್ದು ಆಕಾಶದ ತೂತಲ್ಲ, ಬೆಳಕನ್ನು ತಡೆಯುವ ದೂಳು. ಅವಕೆಂಪು ಕಿರಣಗಳು ಆ ದೂಳನ್ನು ಹಾದು ಬರುತ್ತವೆ. ಪುಸ್ತಕದ ಒಂದು ಪುಟ ಹೇಳುವುದನ್ನು ಎರಡು ಕ್ಲಿಕ್‌ನಲ್ಲಿ ಕಂಡಂತಾಯಿತು.

ಇದೇ ಉಪಾಯದಿಂದ ಒಂದು ಹಳೆಯ ವದಂತಿಯನ್ನೂ ಪರೀಕ್ಷಿಸಬಹುದು. 2012ರಲ್ಲಿ 'ನಿಬಿರು' ಎಂಬ ಗ್ರಹ ಭೂಮಿಗೆ ಬಡಿಯುತ್ತದೆ ಎಂದು ಟಿವಿಗಳಲ್ಲೂ ಚರ್ಚೆ ನಡೆದಿತ್ತು. ಸಿಂಹ ರಾಶಿಯ ಕಡೆ ಅವಕೆಂಪು ಚಿತ್ರದಲ್ಲಿ ಹೊಳೆಯುವ ಒಂದು ಬಿಂದುವನ್ನು ಕೆಲವರು ಅದೇ ನಿಬಿರು ಎಂದರು. ಆ ಜಾಗದಲ್ಲಿರುವುದು ಸಿಡಬ್ಲ್ಯು ಲಿಯೋನಿಸ್ ಎಂಬ ಮುದಿ ನಕ್ಷತ್ರ. ತಾನೇ ಉಗುಳಿದ ಇಂಗಾಲದ ದೂಳಿನಲ್ಲಿ ಹೂತುಹೋಗಿರುವುದರಿಂದ ಅದು ಸಾಮಾನ್ಯ ಬೆಳಕಿನಲ್ಲಿ ಮಂಕು, ಅವಕೆಂಪಿನಲ್ಲಿ ಪ್ರಖರ. ಬೇರೆ ಬೇರೆ ವರ್ಷಗಳಲ್ಲಿ ನಡೆದ ಸಮೀಕ್ಷೆಗಳ ಪದರಗಳನ್ನು ಬದಲಿಸಿ ನೋಡಿ. ಅದು ಅದೇ ಜಾಗದಲ್ಲಿದೆ. ನಮ್ಮತ್ತ ಬರುತ್ತಿರುವ ಗ್ರಹ ಹಾಗೆ ಒಂದೇ ಕಡೆ ನಿಂತಿರುವುದಿಲ್ಲ. ಗೂಗಲ್ ಸ್ಕೈನಲ್ಲಿ ಮಹಾವ್ಯಾಧದ ದಿಕ್ಕಿನಲ್ಲಿ ಕಂಡ ಕಪ್ಪು ಚೌಕವನ್ನೂ 'ನಾಸಾ ಮುಚ್ಚಿಟ್ಟಿದೆ' ಎಂದು ಹಬ್ಬಿಸಿದ್ದರು. ಅದು ಚಿತ್ರಗಳನ್ನು ಜೋಡಿಸುವಾಗ ಉಳಿದ ಖಾಲಿ ಜಾಗ. ಬೇರೆ ಸಮೀಕ್ಷೆಗಳಲ್ಲಿ ಅಲ್ಲಿ ಸಾಮಾನ್ಯ ನಕ್ಷತ್ರಗಳೇ ಇವೆ.

ನೋಡುವುದರಿಂದ ಅಳೆಯುವುದಕ್ಕೆ

ನೋಡುವುದು ಮೊದಲ ಹೆಜ್ಜೆ, ಅಳೆಯುವುದು ಎರಡನೆಯದು. ಜೆಎಸ್9ರಲ್ಲಿ ಒಂದು ನಕ್ಷತ್ರದ ಸುತ್ತ ವೃತ್ತ ಎಳೆದರೆ ಒಳಗಿನ ಸಂಖ್ಯೆಗಳ ಮೊತ್ತ ಸಿಗುತ್ತದೆ. ಉದಾಹರಣೆಗೆ, 100 ಪಿಕ್ಸೆಲ್‌ನ ವೃತ್ತದಲ್ಲಿ ಮೊತ್ತ 48,000 ಎಂದುಕೊಳ್ಳೋಣ. ಪಕ್ಕದ ಖಾಲಿ ಆಕಾಶದಲ್ಲಿ ಪಿಕ್ಸೆಲ್‌ಗೆ 120 ಬರುತ್ತಿದ್ದರೆ ವೃತ್ತದೊಳಗೂ ಆಕಾಶದ ಪಾಲು 12,000 ಇದೆ. ಅದನ್ನು ಕಳೆದರೆ ನಕ್ಷತ್ರದ್ದು 36,000. ಇನ್ನೊಂದು ನಕ್ಷತ್ರಕ್ಕೆ ಹೀಗೆಯೇ 9,000 ಬಂದರೆ ಮೊದಲನೆಯದು ನಾಲ್ಕು ಪಟ್ಟು ಪ್ರಕಾಶಮಾನ. ಖಗೋಳಜ್ಞರ ಅಳತೆಯಲ್ಲಿ ಸುಮಾರು 1.5 ಕಾಂತಿಮಾನದ ವ್ಯತ್ಯಾಸ. ದಿನದಿಂದ ದಿನಕ್ಕೆ ಈ ಲೆಕ್ಕ ಬದಲಾಗುತ್ತಿದ್ದರೆ ಅದು ಮಿಣುಕುವ ಚಂಚಲ ನಕ್ಷತ್ರ.

ಇಲ್ಲಿ ಕಳೆದ ಆ 'ಖಾಲಿ ಆಕಾಶ'ದ ಸಂಖ್ಯೆ ನಮ್ಮ ಭಾಗದವರಿಗೆ ಮುಖ್ಯ. ರಾಮನಗರ, ಚನ್ನಪಟ್ಟಣಗಳಿಗೆ ಈಶಾನ್ಯದಲ್ಲಿ, ಮಾಗಡಿಗೆ ಪೂರ್ವದಲ್ಲಿ, ಕನಕಪುರಕ್ಕೆ ಉತ್ತರದಲ್ಲಿ ಬೆಂಗಳೂರಿದೆ. ಅದರ ದೀಪಗಳ ಬೆಳಕು ಆಕಾಶಕ್ಕೆ ಚೆಲ್ಲಿ, ಆ ದಿಕ್ಕಿನ ಚಿತ್ರಗಳಲ್ಲಿ ಈ ಸಂಖ್ಯೆಯನ್ನು ಏರಿಸುತ್ತದೆ. ಮಂದ ನಕ್ಷತ್ರಗಳು ಅದರಲ್ಲಿ ಮುಳುಗಿಹೋಗುತ್ತವೆ. ಕ್ಯಾಮೆರಾ ಇರುವ ವಿದ್ಯಾರ್ಥಿಗಳು ಒಂದೇ ರಾತ್ರಿ, ಒಂದೇ ಹೊಂದಾಣಿಕೆಯಲ್ಲಿ ಬೆಂಗಳೂರಿನ ದಿಕ್ಕಿನ ಮತ್ತು ಎದುರು ದಿಕ್ಕಿನ ಆಕಾಶವನ್ನು ಚಿತ್ರಿಸಿ ಹೋಲಿಸಿದರೆ ಬೆಳಕಿನ ಮಾಲಿನ್ಯಕ್ಕೆ ಅಂಕಿಗಳಲ್ಲೇ ಸಾಕ್ಷಿ ಸಿಗುತ್ತದೆ. ಜೆಪಿಇಜಿ ಬದಲು ಕಚ್ಚಾ ರೂಪದಲ್ಲಿ ಚಿತ್ರ ಉಳಿಸಿಕೊಳ್ಳಬೇಕು, ಅಷ್ಟೆ.

ಚಂದ್ರನಲ್ಲಿ ಅಳೆಯಲು ನೆರಳು ಸಾಕು. ನಾಸಾದ ಎಲ್ಆರ್‌ಒ ನೌಕೆಯ ಚಿತ್ರಗಳನ್ನು ತೋರಿಸುವ 'ಕ್ವಿಕ್‌ಮ್ಯಾಪ್' ಪುಟದಲ್ಲಿ ದಕ್ಷಿಣ ಅಕ್ಷಾಂಶ 69.37, ಪೂರ್ವ ರೇಖಾಂಶ 32.32 ಎಂದು ಕೊಟ್ಟರೆ ಚಂದ್ರಯಾನ-3 ಇಳಿದ ಶಿವಶಕ್ತಿ ತಾಣ ಸಿಗುತ್ತದೆ. ಸೂರ್ಯ ಕ್ಷಿತಿಜದಿಂದ 10 ಡಿಗ್ರಿ ಎತ್ತರದಲ್ಲಿದ್ದಾಗ ಸಮತಟ್ಟು ನೆಲದ ಮೇಲೆ ಬಂಡೆಯೊಂದರ ನೆರಳು 6 ಮೀಟರ್ ಇದ್ದರೆ, ಬಂಡೆಯ ಎತ್ತರ ಸುಮಾರು 1 ಮೀಟರ್. ಹತ್ತನೇ ತರಗತಿಯ ತ್ರಿಕೋನಮಿತಿಯೇ ಇದು.

ಎಡವುವುದು ಎಲ್ಲಿ?

ರಾಮನಗರದ ಬಂಡೆಗಳಲ್ಲಿ ಆನೆ, ಮುಖ, ಮಲಗಿದ ಮನುಷ್ಯ ಕಾಣದವರು ಕಡಿಮೆ. ಗುರುತು ಪರಿಚಯದ ಆಕಾರ ಹುಡುಕುವುದು ನಮ್ಮ ಮಿದುಳಿನ ಅಭ್ಯಾಸ. 1976ರಲ್ಲಿ ವೈಕಿಂಗ್-1 ನೌಕೆ ಮಂಗಳದಲ್ಲಿ ತೆಗೆದ ಚಿತ್ರದಲ್ಲಿ ಮನುಷ್ಯನ ಮುಖ ಕಂಡದ್ದೂ ಹೀಗೆಯೇ. 1998 ಮತ್ತು 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ತೆಗೆದ ಹೆಚ್ಚು ಸ್ಪಷ್ಟ ಚಿತ್ರಗಳಲ್ಲಿ ಅದು ಸವೆದ ಗುಡ್ಡ ಮಾತ್ರ.

ಚಂದ್ರನ ಕುಳಿಗಳು ಕೆಲವೊಮ್ಮೆ ಗುಡ್ಡಗಳಂತೆ ಕಾಣುತ್ತವೆ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ಮಿದುಳು ಊಹಿಸುವುದೇ ಇದಕ್ಕೆ ಕಾರಣ. ಚಿತ್ರವನ್ನು ತಲೆಕೆಳಗು ಮಾಡಿದರೆ ಗುಡ್ಡ ಮತ್ತೆ ಕುಳಿಯಾಗುತ್ತದೆ. ಇನ್ನು ಉದ್ದನೆಯ ಗೆರೆ ಬಹುಮಟ್ಟಿಗೆ ಉಪಗ್ರಹ ಹಾದುಹೋದ ಗುರುತು. ಒಂದೇ ಪಿಕ್ಸೆಲ್‌ನ ಹೊಳಪು ಕಾಸ್ಮಿಕ್ ಕಿರಣ ಬಡಿದದ್ದು ಅಥವಾ ಕ್ಯಾಮೆರಾದ ದೋಷ. ನಕ್ಷತ್ರದ ಸುತ್ತಲಿನ ಮುಳ್ಳುಗಳು ದೂರದರ್ಶಕದ ರಚನೆಯಿಂದ ಬಂದವು. ಹಬಲ್‌ನಲ್ಲಿ ನಾಲ್ಕು, ವೆಬ್‌ನಲ್ಲಿ ಆರು ದೊಡ್ಡವು ಮತ್ತು ಎರಡು ಚಿಕ್ಕವು. ಹೊಸದೇನೋ ಕಂಡಿತು ಎನ್ನುವ ಮೊದಲು ಅದೇ ಜಾಗದ ಇನ್ನೊಂದು ಚಿತ್ರ ನೋಡಬೇಕು. ಎರಡರಲ್ಲೂ ಇದ್ದರೆ ಮಾತ್ರ ಮುಂದಿನ ಮಾತು.

ಸಾಮಾನ್ಯರು ಕಂಡದ್ದು

2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿದ ನಂತರ ನಾಸಾ ಆ ಪ್ರದೇಶದ ಚಿತ್ರವನ್ನು ಬಿಡುಗಡೆ ಮಾಡಿತು. ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಅದನ್ನು ಅದೇ ಜಾಗದ ಹಳೆಯ ಚಿತ್ರದ ಜೊತೆಗಿಟ್ಟು ಬಿಡುವಿನ ವೇಳೆಯಲ್ಲಿ ಹೋಲಿಸಿದರು. ಮೊದಲಿಲ್ಲದ ಒಂದು ಪುಟ್ಟ ಬಿಳಿ ಚುಕ್ಕೆ ಕಂಡಿತು. ನಾಸಾ ತಂಡ ನಂತರದ ಚಿತ್ರಗಳನ್ನೂ ಪರಿಶೀಲಿಸಿ, ಅದು ವಿಕ್ರಮ್‌ನ ಚೂರು ಎಂದು ಡಿಸೆಂಬರ್‌ನಲ್ಲಿ ದೃಢಪಡಿಸಿ ಅವರ ಹೆಸರನ್ನೂ ಹೇಳಿತು. ಅಪ್ಪಳಿಸಿದ ಮುಖ್ಯ ಜಾಗ ಆ ಚೂರಿನಿಂದ ಸುಮಾರು 750 ಮೀಟರ್ ದೂರದಲ್ಲಿತ್ತು. ಅವರ ಬಳಿ ಗುಪ್ತ ಸಾಧನವೇನೂ ಇರಲಿಲ್ಲ. ಇದ್ದದ್ದು ಎರಡು ಚಿತ್ರ ಮತ್ತು ತಾಳ್ಮೆ.

2007ರಲ್ಲಿ ಆರಂಭವಾದ 'ಗೆಲಾಕ್ಸಿ ಝೂ'ನಲ್ಲಿ ನೆದರ್ಲೆಂಡ್ಸ್‌ನ ಶಾಲಾ ಶಿಕ್ಷಕಿ ಹ್ಯಾನಿ ಫಾನ್ ಆರ್ಕೆಲ್ ಕಂಡ ವಿಚಿತ್ರ ಅನಿಲಮೋಡಕ್ಕೆ ಇಂದು ಅವರದೇ ಹೆಸರು. ನಮ್ಮ ದೇಶದಲ್ಲೂ 2013ರಿಂದ ನಡೆಯುತ್ತಿರುವ 'ರ‍್ಯಾಡ್ ಅಟ್ ಹೋಮ್' ಬಳಗ ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ ಚಿತ್ರಗಳನ್ನು ಓದುವುದನ್ನು ವಿಜ್ಞಾನ ಪದವೀಧರರಿಗೆ ಕಲಿಸುತ್ತದೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. 'ಶಾಲಾ ಮಕ್ಕಳಿಂದ ಕ್ಷುದ್ರಗ್ರಹ ಪತ್ತೆ' ಎಂಬ ಸುದ್ದಿ ಆಗಾಗ ಬರುತ್ತದೆ. ಮಕ್ಕಳ ಶ್ರಮ ನಿಜವಾದದ್ದು, ಆದರೆ ಅದು ಸಾಮಾನ್ಯವಾಗಿ ಪ್ರಾಥಮಿಕ ಗುರುತಿಸುವಿಕೆ. ಬೇರೆಯವರೂ ಕಂಡು, ಕಕ್ಷೆ ಖಚಿತವಾಗಿ, ಸಂಖ್ಯೆ ಸಿಗುವುದಕ್ಕೆ ಹಲವು ವರ್ಷ ಬೇಕು.

ಮುಂದಿನ ಸಲ ಫೋನಿಗೆ ಆಕಾಶದ ಬೆರಗಿನ ಚಿತ್ರವೊಂದು ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಯಾವ ದೂರದರ್ಶಕ ಅಥವಾ ನೌಕೆ ತೆಗೆದದ್ದು? ಯಾವ ದಿನ? ಬಣ್ಣ ಯಾವುದರ ಗುರುತು? ಮೂಲ ಕಡತ ಎಲ್ಲಿದೆ? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸದಿರುವುದೇ ಒಳ್ಳೆಯದು. ಸಿಕ್ಕಿದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಡತವನ್ನೇ ತೆರೆದು ನೋಡಿ. ಚಂದ್ರಯಾನದ್ದಾದರೆ ಅದು ಇಟ್ಟಿರುವುದು ಇಲ್ಲೇ, ಬ್ಯಾಲಾಳುವಿನಲ್ಲಿ.